ಮುಳ್ಳು ಅಳೆಯುವ ಕೈ

ನಮ್ಮತ್ತಿಗೆಯ ಮುಖದ ವಿಷಯ ಬಿಡಿ, ಮೊದಲು ಕೈಯ ವಿಷಯ ಹೇಳುತ್ತೇನೆ. ಮುಖದಲ್ಲಿ ಅಂಥ ವಿಶೇಷವೇನೂ ಇಲ್ಲ. ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ನಾನೂ ಜೊತೆಗಿದ್ದೆ, ಆಗಲೂ ಇರಲಿಲ್ಲ. ಆದರೆ ಆ ಕೈ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮಾಡುತ್ತಿತ್ತು. ತರಕಾರಿ ಹೆಚ್ಚಿದರೆ ಎಲ್ಲ ಹೋಳೂ ಒಂದೇ ಸಮ. ಸೂಜಿಗೆ ದಾರ ಪೋಣಿಸಿಕೊಳ್ಳಲು ನಮ್ಮ ಬೀದಿಯ ಅರ್ಧ ಹೆಂಗಸರು ಅವಳ ಬಾಗಿಲಿಗೇ ಬರುತ್ತಿದ್ದರು. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಮಕ್ಕಳು ಹೆತ್ತ ತಾಯಿಗೆ ಕಾಲು ಕೊಡದಿದ್ದರೂ ಅವಳಿಗೆ ಕೊಡುತ್ತಿದ್ದವು. ಅದಕ್ಕೇ ಅವಳಿಗೆ ಬೀದಿಯಲ್ಲೂ ಕೆಲಸದಲ್ಲೂ ಮುಳ್ಳಕ್ಕ ಎಂಬ ಹೆಸರು ನಿಂತಿತು. ನಾನು ಮಾತ್ರ ಅತ್ತಿಗೆ ಅಂತಲೇ ಕರೆಯುವವಳು.

ಅವಳ ಕೆಲಸ ಊರಾಚೆಯ ಸಂಶೋಧನಾ ತೋಟದಲ್ಲಿ. ತೋಟ ಅಂದ ಕೂಡಲೇ ಹೂವು, ಹಣ್ಣು, ಕಾರಂಜಿ ಎಂದುಕೊಳ್ಳಬೇಡಿ. ತಂತಿ ಬೇಲಿಯೊಳಗೆ ಸಾಲು ಸಾಲಾಗಿ ಕಾಡುಪೊದೆ, ಅಷ್ಟೆ. ಅದಕ್ಕೊಂದು ಉದ್ದನೆಯ ಹೆಸರಿದೆ, ಅದನ್ನು ಒಂದೇ ಉಸಿರಿನಲ್ಲಿ ಹೇಳುವ ಶಕ್ತಿ ಅಲ್ಲಿ ಸಂಶೋಧನೆ ನಡೆಸುವ ನಮ್ಮ ಮೇಡಂಗೆ ಮಾತ್ರ ಇದೆ. ಗಂಡ ತೀರಿಕೊಂಡ ಮೇಲೆ ನಾನು ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದೆನಂತೆ, ಹಾಗೆಂದು ಅಣ್ಣ ಹೇಳುತ್ತಾನೆ. ಅತ್ತಿಗೆಯೇ ಮೇಡಂಗೆ ಹೇಳಿ ನನ್ನನ್ನೂ ಅಲ್ಲಿಗೆ ಸೇರಿಸಿದಳು. ಅಂದಿನಿಂದ ಅವಳು ಮುಳ್ಳು ಅಳೆಯುವವಳು, ನಾನು ಬರೆದುಕೊಳ್ಳುವವಳು.

ಮುಳ್ಳು ಅಳೆಯುವುದೂ ಒಂದು ಕೆಲಸವೇ ಎಂದು ನಗುವವರು ನಗಲಿ, ನಾನೂ ಮೊದಲು ನಕ್ಕವಳೇ. ವಿಷಯ ಇಷ್ಟು. ಈ ಪೊದೆ ಎರಡು ಕಡೆ ಬೆಳೆಯುತ್ತದೆ. ಒಂದು, ಮೇಕೆಗಳು ಮೇಯುವ ಕಲ್ಲುಬೆಟ್ಟದ ಮೇಲೆ. ಅಲ್ಲಿ ಅದಕ್ಕೆ ಬೆರಳುದ್ದದ ಮುಳ್ಳು, ಸಣ್ಣ ಒರಟು ಎಲೆ. ಇನ್ನೊಂದು, ಸರೋವರದ ನಡುಗಡ್ಡೆಯಲ್ಲಿ. ಅಲ್ಲಿಗೆ ಯಾವ ಮೇಕೆಯೂ ಈಜಿ ಹೋಗಿಲ್ಲ, ಆದ್ದರಿಂದ ಅಲ್ಲಿಯ ಪೊದೆಗೆ ಅಕ್ಕಿಕಾಳಿನಷ್ಟು ಮುಳ್ಳು, ಅಗಲವಾದ ಮೆತ್ತನೆಯ ಎಲೆ. ಇದು ಮಣ್ಣು, ಬಿಸಿಲು, ಮೇಕೆಯ ಬಾಯಿ ಸೇರಿ ಮಾಡಿದ ಗುಣವೋ, ಅಥವಾ ಬೀಜದೊಳಗೇ ಇರುವ ಗುಣವೋ? ಮೇಡಂ ಹುಡುಕುತ್ತಿದ್ದುದು ಅದನ್ನೇ. ಅದಕ್ಕಾಗಿ ಎರಡೂ ಕಡೆಯ ಬೀಜ ತಂದು ಒಂದೇ ತೋಟದಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ನೀರು ಕುಡಿಸಿ ಬೆಳೆಸಿದ್ದರು.

ಕೆಲವು ವರ್ಷ ಕಳೆದ ಮೇಲೆ ಎಲೆಗಳು ಎರಡು ಕಡೆಯವೂ ಹೆಚ್ಚುಕಡಿಮೆ ಒಂದೇ ಆದವು. ಬೆಟ್ಟದ ಗಿಡಕ್ಕೆ ಹೊಟ್ಟೆತುಂಬ ನೀರು ಸಿಕ್ಕಿದ್ದೇ ತಡ, ಎಲೆ ಅಗಲವಾಯಿತು. ಮುಳ್ಳು ಮಾತ್ರ ಬದಲಾಗಲಿಲ್ಲ. ಮೇಕೆಯ ಮುಖವನ್ನೇ ನೋಡದ ಗಿಡ, ಅದರ ಮಕ್ಕಳು, ಎಲ್ಲವೂ ಅಜ್ಜಿಯ ಹಾಗೇ ಬೆರಳುದ್ದದ ಮುಳ್ಳು ಚಾಚಿಕೊಂಡು ನಿಂತವು.

"ಎಲೆ ಮಣ್ಣಿನದು, ಮುಳ್ಳು ಬೀಜದ್ದು" ಎಂದು ಮೇಡಂ ನಮಗೆ ವಿವರಿಸಿದ್ದರು. "ಹುಟ್ಟಿದ ಜಾಗದಿಂದ ಕಿತ್ತು ಬೇರೆ ಕಡೆ ಬೆಳೆಸಿ ನೋಡಬೇಕು. ಅಲ್ಲೂ ಉಳಿದರೆ ಅದು ಬೀಜದ ಗುಣ."

ಈ ಮಾತು ನನಗೂ ಅತ್ತಿಗೆಗೂ ಬಾಯಿಪಾಠವಾಗಿತ್ತು. ನೋಡಲು ಬಂದವರಿಗೆ ನಾವೇ ಹೇಳುತ್ತಿದ್ದೆವು, ಏನೋ ನಾವೇ ಕಂಡುಹಿಡಿದವರ ಹಾಗೆ. ನಮ್ಮ ಮನೆಗೇ ಬಂದು ತಟ್ಟುವ ಮಾತು ಇದು ಎಂದು ಆಗ ಯಾರಿಗೆ ಗೊತ್ತಿತ್ತು?

ಅತ್ತಿಗೆಯ ತಂದೆ ಥರ್ಮಾಮೀಟರ್ ಕಾರ್ಖಾನೆಯಲ್ಲಿದ್ದವರು. ಗಾಜಿನ ಕೊಳವೆಗೆ ಪಾದರಸ ತುಂಬುವ ಕೆಲಸ. ಅವರ ತಮ್ಮನೂ ಅಲ್ಲೇ. ಆ ಕೆಲಸದಲ್ಲಿ ಬಹಳ ಜನರಿಗೆ ಕೈ ನಡುಗುವ ಕಾಯಿಲೆ ಬಂತು, ಕಾರ್ಖಾನೆ ಕೊನೆಗೆ ಮುಚ್ಚಿಯೂ ಹೋಯಿತು. ಇವರಿಬ್ಬರಿಗೂ ಮೂವತ್ತು ದಾಟುತ್ತಲೇ ನಡುಕ ಶುರು. ನಾವು ಹೆಣ್ಣು ನೋಡಲು ಹೋದ ದಿನ ಆ ಹಿರಿಯರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದರು, ಆದರೂ ಒಂದಿಷ್ಟು ಅಂಗಿಯ ಮೇಲೆ ಚೆಲ್ಲಿತು. ನಮ್ಮಮ್ಮ ಮುಚ್ಚುಮರೆಯಿಲ್ಲದ ಹೆಂಗಸು, ನೇರವಾಗಿ ಕೇಳಿಬಿಟ್ಟಳು.

"ಇದು ವಂಶದಲ್ಲಿ ಇರೋದಾ?"

ಆ ಹಿರಿಯರು ನಕ್ಕರು. "ಅಯ್ಯೋ, ವಂಶದ್ದಲ್ಲಮ್ಮ, ಕಾರ್ಖಾನೆದು. ಅದಕ್ಕೇ ನನ್ನ ಮಕ್ಕಳನ್ನ ಆ ಗೇಟಿನ ಹತ್ರಾನೂ ಬಿಟ್ಟಿಲ್ಲ. ನೋಡಿ ಇವಳ ಕೈ." ಮಗಳ ಕೈಯನ್ನು ಎಳೆದು ನಮ್ಮ ಮುಂದೆ ಚಾಚಿಸಿದರು. ಕೈ ಗೋಡೆಗೆ ಹೊಡೆದ ಗೂಟದ ಹಾಗೆ ನಿಂತಿತ್ತು. ನಮ್ಮಮ್ಮ ಆ ಕೈಗೇ ಸೈ ಎಂದಳು.

ಅವರು ಸುಳ್ಳು ಹೇಳಲಿಲ್ಲ. ತಾವು ನಂಬಿದ್ದನ್ನೇ ಹೇಳಿದರು. ಆ ಮನೆಯಲ್ಲಿ ಎಲ್ಲರೂ ಅದನ್ನೇ ನಂಬಿದ್ದರು.

ಅತ್ತಿಗೆಗೆ ಒಬ್ಬಳೇ ಮಗಳು. ನಮ್ಮ ಪುಟ್ಟಿ. ಮೂವತ್ತರ ಹತ್ತಿರ ಬಂದರೂ ನಮಗೆ ಪುಟ್ಟಿಯೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವುದು ಅವಳ ಕೈಯನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಚಿಕ್ಕವಳಿದ್ದಾಗ ರಜೆಯಲ್ಲಿ ತೋಟಕ್ಕೆ ಬಂದು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅರಳುವ ಮೊದಲೇ ಮೊಗ್ಗು ಬಿಡಿಸಿ, ಒಳಗಿನ ಗಂಡುಕೇಸರವನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಬೆಟ್ಟದ ಗಿಡದ ಪರಾಗವನ್ನು ಕುಂಚದ ತುದಿಯಲ್ಲಿ ತಂದು ನಡುಗಡ್ಡೆಯ ಗಿಡದ ಹೂವಿಗೆ ಸವರಿ, ಮೇಲೆ ಕಾಗದದ ಚೀಲ ಕಟ್ಟಬೇಕು. ಅತ್ತಿಗೆ ಅದನ್ನು ಮಾಡುವುದನ್ನು ನೋಡಿ ನೋಡಿಯೇ ಪುಟ್ಟಿಗೆ ಚಿಮಟ ಹಿಡಿಯುವ ಹುಚ್ಚು ಹತ್ತಿತು. ಓದು ಮುಗಿಸಿ, ಯಾರು ಎಷ್ಟು ಹೇಳಿದರೂ ಕೇಳದೆ, ಪೇಟೆ ಬೀದಿಯ ಗಡಿಯಾರದ ಅಂಗಡಿಗೆ ಕೆಲಸ ಕಲಿಯಲು ಸೇರಿದಳು.

ಆ ಅಂಗಡಿಯ ಯಜಮಾನರನ್ನು ಎಲ್ಲರೂ ಟಿಕ್‌ಟಿಕ್ ತಾತ ಅನ್ನುತ್ತಾರೆ. ಮೊದಲ ವರ್ಷ ಪುಟ್ಟಿಯಿಂದ ಬರೀ ಗಾಜು ಒರೆಸಿಸಿದರು. ಆಮೇಲೆ ಒಂದು ದಿನ ಕೂದಲಿಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗೊಂದನ್ನು ಅವಳ ಕೈಗಿಟ್ಟು "ಕೂರಿಸು ನೋಡೋಣ" ಎಂದರು. ಅವಳು ಕೂರಿಸಿದಳು. ಆ ಸಂಜೆ ತಾತ ನಮ್ಮ ಮನೆಗೇ ಬಂದು, "ಇಂಥ ಕೈನ ನಾನು ಕನ್ನಡೀಲೂ ನೋಡಿಲ್ಲ" ಎಂದು ಅಣ್ಣನ ಮುಂದೆ ಹೇಳಿದರು. ಅಣ್ಣ ಬಸ್ ಡ್ರೈವರ್, ಅವನಿಗೆ ಎಲ್ಲವೂ ತಮಾಷೆ. "ನಮ್ಮ ಬಸ್ಸಿನ ಗೇರ್ ಒಂದಿಷ್ಟು ಸರಿ ಮಾಡ್ತಾಳಾ ಕೇಳಿ" ಅಂದ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಕಳೆದ ವರ್ಷ ತಾತನಿಗೆ ವಯಸ್ಸಾಗಿ ತಂಗಿಯ ಊರಿಗೆ ಹೋಗಿ ಇರುವುದೆಂದು ತೀರ್ಮಾನವಾಯಿತು. ಅಂಗಡಿಯನ್ನು ಪುಟ್ಟಿ ನೋಡಿಕೊಳ್ಳುವುದಾದರೆ ಅವಳಿಗೇ, ಇಲ್ಲವಾದರೆ ಪಕ್ಕದ ಚಪ್ಪಲಿ ಅಂಗಡಿಯವನಿಗೆ. ಅದೇ ಹೊತ್ತಿಗೆ ಪುಟ್ಟಿಗೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸಕ್ಕೂ ಕರೆ ಬಂದಿತ್ತು. ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಒತ್ತುವ ಕೆಲಸ. ಅವಳ ಮನಸ್ಸು ಎತ್ತ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ದಿನಗಳಲ್ಲೇ ನಾನು ಕೆಲವು ಸಂಗತಿ ಗಮನಿಸಿದೆ. ಅತ್ತಿಗೆ ಚಹಾವನ್ನು ಅರ್ಧ ಲೋಟ ಹಾಕಿಸಿಕೊಳ್ಳತೊಡಗಿದಳು. ಕೇಳಿದರೆ "ಕಮ್ಮಿ ಮಾಡ್ತಿದ್ದೀನಿ ಕಣೇ" ಅನ್ನುವಳು. ಸೂಜಿ ಹಿಡಿದು ಬಂದವರಿಗೆ "ಕನ್ನಡಕ ಬದಲಾಯಿಸ್ಬೇಕು, ನಾಳೆ ಬಾ" ಅನ್ನುವಳು. ತೋಟದಲ್ಲಿ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಳೆಯುವಳು. ನನ್ನ ಬಾಯಿ ಸುಮ್ಮನಿರುವುದಲ್ಲ ಎಂದು ಊರಿಗೇ ಗೊತ್ತು. ಆದರೂ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯ.

ತೋಟದ ಕೆಳಗಿನ ಪಟ್ಟಿಯಲ್ಲಿ, ಅಂದರೆ ತಗ್ಗಿನ ನೆಲದಲ್ಲಿ, ಅತ್ತಿಗೆ ಕೂಡಿಸಿದ ಗಿಡಗಳ ಮೊಮ್ಮಕ್ಕಳು ಬೆಳೆದಿದ್ದವು. ಬೆಟ್ಟದ ಅಜ್ಜ, ನಡುಗಡ್ಡೆಯ ಅಜ್ಜಿ. ಅವುಗಳ ಮುಳ್ಳು ಹೇಗಿರುತ್ತದೆ ಎನ್ನುವುದೇ ಮೇಡಂಗೆ ಆ ವರ್ಷದ ದೊಡ್ಡ ಪ್ರಶ್ನೆ. ಅತ್ತಿಗೆಯೇ ಹುಟ್ಟಿಸಿದ ಸಂತಾನ ಎಂದು ಆ ಪಟ್ಟಿಯನ್ನು ಅಳೆಯುವುದನ್ನೂ ಅವಳಿಗೇ ಬಿಟ್ಟಿದ್ದರು. ಒಂದು ಬೆಳಿಗ್ಗೆ ಮೇಡಂ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಗೋಡೆಗೆ ದೊಡ್ಡ ಹಾಳೆ ಅಂಟಿಸಿದ್ದರು, ಅದರ ತುಂಬ ಚುಕ್ಕೆ.

"ನೋಡ್ರಿ ಇಲ್ಲಿ. ಹಿಂದಿನ ವರ್ಷಗಳಲ್ಲಿ ಅಳೆದ ಬೆಟ್ಟದ್ದು ಇಲ್ಲಿ ಒತ್ತಾಗಿ ನಿಂತಿದೆ, ನಡುಗಡ್ಡೇದು ಅಲ್ಲಿ. ನಿಮ್ಮ ಮೊಮ್ಮಕ್ಕಳು ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಎಲ್ಲೆಲ್ಲೋ! ಒಂದೇ ಗಿಡದಲ್ಲಿ ಒಂದು ಮುಳ್ಳು ಹೀಗೆ, ಪಕ್ಕದ್ದು ಹಾಗೆ. ಹರಡುತ್ತೆ ಅಂತ ಗೊತ್ತಿತ್ತು, ಇಷ್ಟು ಅಂದ್ಕೊಂಡಿರಲಿಲ್ಲ. ಬರೋ ತಿಂಗಳು ಎಲ್ಲರ ಮುಂದೆ ಇದನ್ನೇ ಹೇಳೋದು." ಮೇಡಂ ಮುಖದಲ್ಲಿ ಮಕ್ಕಳಿಗಿರುವಂಥ ಸಂತೋಷ. ಅತ್ತಿಗೆಯ ಭುಜ ತಟ್ಟಿ, "ಎಲ್ಲ ನಿಮ್ಮ ಕೈಗುಣ ಕಣ್ರೀ" ಎಂದರು.

ನಾನು ಹಲ್ಲು ಕಿಸಿದೆ. ಅತ್ತಿಗೆ ನಗಲಿಲ್ಲ. ಆ ಚುಕ್ಕೆಗಳನ್ನು ನೋಡುತ್ತ ನಿಂತೇ ಇದ್ದಳು.

ಊಟದ ಹೊತ್ತಿಗೆ ಅವಳು ನನ್ನನ್ನು ಕೆಳಗಿನ ಪಟ್ಟಿಗೆ ಕರೆದುಕೊಂಡು ಹೋದಳು. ಕ್ಯಾಲಿಪರ್ ತೆಗೆದು ನನ್ನ ಕೈಗೆ ಕೊಟ್ಟಳು. ಮುಳ್ಳಿನ ಬುಡದಿಂದ ತುದಿಯವರೆಗೆ ಇಕ್ಕಳದ ಹಾಗೆ ಹಿಡಿದು ಅಳೆಯುವ ಸಾಧನ ಅದು.

"ಇದೇ ರೆಂಬೆ, ಇದೇ ಮುಳ್ಳು. ನಿನ್ನೆ ನಾನು ಅಳೆದಿದ್ದು. ಈಗ ನೀನು ಅಳೀ" ಎಂದಳು.

"ನನಗೆಲ್ಲಿ ಬರುತ್ತೆ ಅತ್ತಿಗೆ?"

"ಬರುತ್ತೆ. ಅಳೀ."

ನಾನು ಅಳೆದೆ. ನಿನ್ನೆ ನನ್ನ ಕೈಯಿಂದಲೇ ಬರೆದದ್ದು ಬೇರೆ, ಇವತ್ತು ಕಣ್ಣಿಗೆ ಕಂಡದ್ದು ಬೇರೆ. ಇನ್ನೊಂದು ಮುಳ್ಳು ಅಳೆದೆ, ಅದೂ ಹಾಗೇ. ಮತ್ತೊಂದು, ಮತ್ತೊಂದು. ಪಕ್ಕಪಕ್ಕದ ಮುಳ್ಳುಗಳು ಒಂದೇ ತಾಯಿಯ ಮಕ್ಕಳ ಹಾಗೆ ಹೆಚ್ಚುಕಡಿಮೆ ಒಂದೇ ಅಳತೆ ಇದ್ದವು. ಸಾಸಿವೆಯೂ ಇಲ್ಲ, ಚೆಲ್ಲಿದ್ದೂ ಇಲ್ಲ.

ಅತ್ತಿಗೆ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಅವತ್ತು ಅವಳಪ್ಪ ನಮ್ಮಮ್ಮನ ಮುಂದೆ ಚಾಚಿಸಿದ ಅದೇ ಕೈ. ಈಗ ಅದು ಸಣ್ಣಗೆ, ಬಿಡದೆ, ನಡುಗುತ್ತಿತ್ತು.

"ಗಿಡದ್ದೇನೂ ಇಲ್ಲ ಕಣೇ" ಎಂದಳು. "ನಾನು ನಡುಗಿದ್ದನ್ನೇ ಮೇಡಂ ಗೋಡೆಗೆ ಅಂಟಿಸಿದ್ದಾರೆ."

ನಾನು ಹೆದರಿದೆ. ನಡುಕಕ್ಕಲ್ಲ, ಮುಂದಿನ ಮಾತಿಗೆ. ಅದನ್ನು ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ. ಕಾರ್ಖಾನೆಯ ಗೇಟನ್ನೂ ಮುಟ್ಟದವಳು ಅವಳು. ಪಾದರಸದ ಜಾಗದಿಂದ ಕಿತ್ತು ಬೇರೆ ಮಣ್ಣಿನಲ್ಲಿ ಬೆಳೆಸಿದ ಗಿಡ. ಅಲ್ಲೂ ಉಳಿದರೆ ಅದು ಬೀಜದ ಗುಣ, ಎಂದು ಬಂದವರಿಗೆಲ್ಲ ಹೇಳುತ್ತಿದ್ದವರು ನಾವೇ ಅಲ್ಲವೇ.

"ನಿಮ್ಮಪ್ಪ ಬಟ್ಟೇಲಿ ಪಾದರಸ ಮನೆಗೆ ತಂದಿರ್ತಾರೆ. ಚಿಕ್ಕವಳಿದ್ದಾಗ ನಿನಗೂ ತಗುಲಿರುತ್ತೆ" ಎಂದೆ ನಾನು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಅತ್ತಿಗೆ ನನ್ನ ಕೈಯಿಂದ ಕ್ಯಾಲಿಪರ್ ತೆಗೆದುಕೊಂಡು ಮುಚ್ಚಿದಳು. ಆಮೇಲೆ ಕೇಳಿದಳು. "ನಮ್ಮ ಅಂಜುಬುರುಕಿ ಅತ್ತೆ ನೆನಪಿದ್ದಾಳಾ ನಿನಗೆ?"

ನೆನಪಿಲ್ಲದೆ ಏನು? ಅತ್ತಿಗೆಯ ಸೋದರತ್ತೆ, ಅವಳಪ್ಪನ ಒಡಹುಟ್ಟಿದವಳು. ಮದುವೆಯಾಗಿ ದೂರದ ಊರಿಗೆ ಹೋಗಿ ಅಲ್ಲೇ ಇದ್ದವಳು, ಕಾರ್ಖಾನೆ ಎಲ್ಲಿದೆ ಎಂದೂ ಕಂಡವಳಲ್ಲ. ಅತ್ತಿಗೆಯ ಮದುವೆಗೆ ಬಂದಿದ್ದಳು. ಬಡಿಸಲು ಸೌಟು ಹಿಡಿದರೆ ಸೌಟು ಪಾತ್ರೆಗೆ ತಗುಲಿ ಟಣಟಣ ಸದ್ದು. ಎಲ್ಲರೂ ನಕ್ಕಿದ್ದರು. ಅವಳ ಗಂಡನೇ, "ಇವಳಿಗೆ ನಾಲ್ಕು ಜನ ಕಂಡ್ರೆ ನಡುಕ, ಹುಟ್ಟಾ ಅಂಜುಬುರುಕಿ" ಎಂದು ಕುಟುಕಿದ್ದ. ಆಕೆಯೂ ತಲೆತಗ್ಗಿಸಿ ನಕ್ಕಿದ್ದಳು. ಬದುಕಿಡೀ ಆ ಹೆಸರನ್ನು ಹೊತ್ತುಕೊಂಡೇ ಸತ್ತಳು.

"ಅವಳಿಗೆ ಯಾವ ಭಯಾನೂ ಇರಲಿಲ್ಲ" ಎಂದಳು ಅತ್ತಿಗೆ. ಅವಳ ಕಣ್ಣು ತುಂಬಿತ್ತು. "ಹಾವು ಬಂದ್ರೆ ಕೋಲಲ್ಲಿ ಎತ್ತಿ ಆಚೆ ಬಿಡ್ತಿದ್ಲು. ನಾವ್ಯಾರೂ ಯೋಚನೇನೇ ಮಾಡ್ಲಿಲ್ಲ. ಕಾರ್ಖಾನೆ ಒಂದಿತ್ತಲ್ಲ, ಬೈಯೋಕೆ."

ಆಮೇಲೆ ಡಾಕ್ಟರ ಹತ್ತಿರ ಹೋದೆವು, ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ಒಂದು ಕಾಗದ ಕೊಟ್ಟು ನಡುವಿನಿಂದ ಶುರುಮಾಡಿ ದೊಡ್ಡದಾಗುತ್ತ ಹೋಗುವ ಸುರುಳಿ ಬರೆಯಲು ಹೇಳಿದರು. ಅತ್ತಿಗೆ ಬರೆದ ಸುರುಳಿಯ ಗೆರೆ ಉದ್ದಕ್ಕೂ ಗರಗಸದ ಹಲ್ಲಿನ ಹಾಗಿತ್ತು. ಅಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರ ವಿಷಯ ಕೇಳಿಕೊಂಡು ಡಾಕ್ಟರಮ್ಮ ಹೇಳಿದರು: "ಅವರಿಬ್ಬರಿಗೆ ಕಾರ್ಖಾನೆಯಿಂದಲೂ ಒಂದಿಷ್ಟು ಬಂದಿರಬಹುದು. ಆದ್ರೆ ಇದು ಮನೆತನದಲ್ಲಿ ಬರೋ ನಡುಕ. ಪ್ರಾಣಕ್ಕೇನೂ ಅಪಾಯವಿಲ್ಲ, ಔಷಧಿಗೆ ಸ್ವಲ್ಪ ತಗ್ಗುತ್ತೆ. ಸೂಕ್ಷ್ಮ ಕೆಲಸ ಕಷ್ಟವಾಗುತ್ತೆ."

"ಮಗಳಿಗೆ?" ಎಂದಳು ಅತ್ತಿಗೆ.

"ಬರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ ಅಂತಿಟ್ಕೊಳ್ಳಿ. ಯಾವ ವಯಸ್ಸಲ್ಲಿ ಅಂತ ಹೇಳೋಕಾಗಲ್ಲ."

ಆಸ್ಪತ್ರೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಲ್ಲಿ ನಾನು ಜಗಳ ತೆಗೆದೆ. ಹೌದು, ಜಗಳವೇ.

"ಪುಟ್ಟಿಗೆ ಹೇಳಕೂಡದು" ಎಂದೆ. "ಅರ್ಧಕ್ಕರ್ಧ ಅಂದ್ರೆ ಬರದೇ ಇರೋದೂ ಅರ್ಧ ಅಲ್ವಾ? ಬಾರದ ಕಾಯಿಲೇನ ಈಗ್ಲೇ ಯಾಕೆ ಕರೆದು ಮಣೆ ಹಾಕ್ತೀಯ? ಮೇಡಂಗೂ ಹೇಳ್ಬೇಡ. ಮುಂದಿನ ಸಲದಿಂದ ನಾನು ಅಳೀತೀನಿ, ಅಲ್ಲಿಗಾಯ್ತು."

"ಆ ಚುಕ್ಕೆಗಳು?"

"ಚುಕ್ಕೆ ಹಾಳಾಗ್ಲಿ! ಗಿಡ ಬಂದು ಸಾಕ್ಷಿ ಹೇಳುತ್ತಾ?"

ಅತ್ತಿಗೆ ನನ್ನನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ನಮ್ಮಪ್ಪನೂ ಕಾರ್ಖಾನೆ ಅಂದ್ಬಿಟ್ಟು ನಿಶ್ಚಿಂತೆಯಾಗಿದ್ರು" ಎಂದಳು. "ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದೆ. ಎರಡೂ ಒಂದೇನಾ?"

ನಾನೂ ಬಿಡಲಿಲ್ಲ. "ಹೇಳಿದ್ರೆ ಅವಳು ಅಂಗಡಿ ಬಿಡ್ತಾಳೆ. ಆ ಶಾಲೆ ಕಚೇರೀಲಿ ಕೂತು ಒಣಗ್ತಾಳೆ. ಅದು ನಿನ್ನಿಂದ ಆದದ್ದಾಗುತ್ತೆ."

"ಹೇಳ್ದೆ ಇದ್ದು, ಅಂಗಡಿ ಹಿಡಿದು, ನಾಲ್ಕು ವರ್ಷಕ್ಕೆ ಕೈ ಹೋದ್ರೆ? ಅದು ಯಾರಿಂದ ಆದದ್ದು?"

ಬಾಯಲ್ಲಿ ಬಿಸಿತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವಳ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಅವಳು ಹೇಳುವುದು ಸರಿ ಎಂದು ಗೊತ್ತಿದ್ದರಿಂದ ಆ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಮರುದಿನ ಅತ್ತಿಗೆ ನೆಟ್ಟಗೆ ಮೇಡಂ ಕೋಣೆಗೆ ಹೋಗಿ ಕೈ ಚಾಚಿ ತೋರಿಸಿದಳು. ಮೇಡಂ ಮೊದಲು ಗೋಡೆಯ ಕಡೆ ನೋಡಿದರು, ಆಮೇಲೆ ಕೈಯ ಕಡೆ. ಅವರ ಮುಖ ಇಳಿದುಹೋಯಿತು. ನಾನು ಬೈಗುಳಕ್ಕೆ ಕಾದಿದ್ದೆ. ಅವರು ಎದ್ದು ಆ ಹಾಳೆಯನ್ನು ಮೂಲೆಯಿಂದ ಬಿಡಿಸಿ, ಸುತ್ತಿ, ಬೀರುವಿನ ಹಿಂದಿಟ್ಟರು. "ಕೆಳಗಿನ ಪಟ್ಟಿ ಪೂರ್ತಿ ಮತ್ತೆ ಅಳೀಬೇಕು" ಎಂದಷ್ಟೇ ಹೇಳಿದರು. ಆಮೇಲೆ ಬಾಗಿಲವರೆಗೆ ಬಂದು, ತಡವರಿಸಿ, "ನಿಮ್ಮ ಮಗಳು ಗಡಿಯಾರದ ಕೆಲಸ ಅಲ್ವಾ ಮಾಡೋದು?" ಎಂದು ಕೇಳಿದರು. ಅತ್ತಿಗೆ ತಲೆಯಾಡಿಸಿದಳು. ಮೇಡಂಗೆ ವಿವರಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ಬದುಕೆಲ್ಲ ಅದನ್ನೇ ಓದಿದವರು.

ಅಣ್ಣನಿಗೆ ನಾನೇ ಹೇಳಿದೆ. ಎಲ್ಲದಕ್ಕೂ ತಮಾಷೆ ಮಾಡುವ ಮನುಷ್ಯ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದು, ಅತ್ತಿಗೆಯ ಲೋಟಕ್ಕೆ ತಾನೇ ಚಹಾ ಬಗ್ಗಿಸಿದ. ಅರ್ಧ ಲೋಟ.

ಪುಟ್ಟಿಗೆ ಹೇಳಿದ್ದು ಅಂಗಡಿಯಲ್ಲೇ. ಮನೆಯಲ್ಲಿ ಹೇಳು ಎಂದರೆ ಅತ್ತಿಗೆ ಕೇಳಲಿಲ್ಲ. "ಅವಳ ಜಾಗದಲ್ಲಿ ಅವಳು ಗಟ್ಟಿಯಾಗಿರ್ತಾಳೆ" ಎಂದಳು. ತಾತ ಊಟಕ್ಕೆ ಹೋಗಿದ್ದರು. ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಪುಟ್ಟಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬಿಚ್ಚಿಟ್ಟ ಕೈಗಡಿಯಾರದ ಮೇಲೆ ಬಗ್ಗಿದ್ದಳು. ಅತ್ತಿಗೆ ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಚುಕ್ಕೆಗಳಿಂದ ಶುರುಮಾಡಿ ಅಂಜುಬುರುಕಿ ಅತ್ತೆಯವರೆಗೆ. ನಾನು ಬಾಗಿಲಲ್ಲಿ ಬೀದಿಗೆ ಬೆನ್ನು ಮಾಡಿ ನಿಂತಿದ್ದೆ, ಯಾರೂ ಒಳಗೆ ಬಾರದಿರಲಿ ಎಂದು.

ಪುಟ್ಟಿ ಮಸೂರ ತೆಗೆದಿಟ್ಟಳು.

"ನಿಂಗೆ ಯಾವಾಗಿಂದ?"

"ಹೋದ ವರ್ಷದಿಂದ."

"ನಿಮ್ಮಪ್ಪನಿಗೆ?"

ಅತ್ತಿಗೆ ನನ್ನ ಕಡೆ ತಿರುಗಿದಳು. ನಾನೇ ಹೇಳಬೇಕಾಯಿತು. "ಮೂವತ್ತು ದಾಟ್ತಿದ್ದ ಹಾಗೆ."

ಪುಟ್ಟಿ ತನ್ನ ಕೈಯನ್ನು ನೋಡಿಕೊಂಡಳು. ಅವಳು ಅದನ್ನು ಹಾಗೆ ನೋಡಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಅವಳು ಕೈಯಿಂದ ಕೆಲಸ ಮಾಡುತ್ತಿದ್ದಳೇ ಹೊರತು ಕೈಯನ್ನು ನೋಡುತ್ತಿರಲಿಲ್ಲ.

"ಅಮ್ಮಾ" ಎಂದಳು. ದನಿ ಏರಲಿಲ್ಲ. "ನೀನು ಹೇಳ್ದೇ ಇದ್ದಿದ್ರೆ ನಿನ್ನ ಯಾವತ್ತೂ ಕ್ಷಮಿಸ್ತಿರಲಿಲ್ಲ. ಆದ್ರೆ ಈಗ ಹೇಳಿದ್ದೀಯಲ್ಲ, ಇನ್ಮೇಲೆ ಚಿಮಟ ಎತ್ತಿದಾಗೆಲ್ಲ ನಾನು ಇದನ್ನೇ ನೋಡ್ತಾ ಇರ್ಬೇಕು. ಅದನ್ನೂ ಕ್ಷಮಿಸೋಕೆ ಆಗ್ತಿಲ್ಲ ನಂಗೆ."

"ಕ್ಷಮಿಸ್ಬೇಡ" ಎಂದಳು ಅತ್ತಿಗೆ. "ಯೋಚನೆ ಮಾಡಿ ತೀರ್ಮಾನ ಮಾಡು, ಸಾಕು."

ಅದಾದ ಮೇಲೆ ಪುಟ್ಟಿ ಎಷ್ಟೋ ದಿನ ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂರುವಳು, ಎದ್ದು ಹೋಗುವಳು. ಅತ್ತಿಗೆ ಒಳಗೊಳಗೇ ಸೊರಗಿದಳು. ತೋಟದಲ್ಲಿ ಈಗ ನಾನು ಅಳೆಯುವವಳು, ಇನ್ನೊಬ್ಬಾಕೆ ಬರೆಯುವವಳು. ಅತ್ತಿಗೆಗೆ ಮೇಡಂ ಪಾತಿ, ನೀರು, ಗೊಬ್ಬರದ ಕೆಲಸ ಕೊಟ್ಟರು. ಗುದ್ದಲಿ ಹಿಡಿದರೆ ಅವಳ ನಡುಕ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗಿನ ಪಟ್ಟಿಯನ್ನು ನಾನು ಪೂರ್ತಿ ಮತ್ತೆ ಅಳೆದೆ. ಮೊಮ್ಮಕ್ಕಳ ಮುಳ್ಳು ಗಿಡದಿಂದ ಗಿಡಕ್ಕೆ ಬೇರೆ ಇತ್ತು, ಕೆಲವು ಬೆಟ್ಟದ ಅಜ್ಜನ ಹಾಗೆ, ಕೆಲವು ನಡುಗಡ್ಡೆಯ ಅಜ್ಜಿಯ ಹಾಗೆ, ಬಹಳಷ್ಟು ನಡುವೆ. ಒಂದೇ ಪಾತಿಯಲ್ಲಿ, ಒಂದೇ ಕಾಯಿಯ ಬೀಜದಿಂದ ಹುಟ್ಟಿದ ಅಕ್ಕತಂಗಿ ಗಿಡಗಳು. ಯಾವುದಕ್ಕೆ ಯಾರ ಮುಳ್ಳು ಬಂದಿದೆ ಎಂದು ಮೊಳಕೆಯಲ್ಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳೆದ ಮೇಲೆಯೇ ಕಾಣಬೇಕು. ಅಳೆಯುತ್ತ ಅಳೆಯುತ್ತ ನನಗೆ ಪುಟ್ಟಿಯ ಕೈಯೇ ಕಣ್ಣಿಗೆ ಕಟ್ಟುತ್ತಿತ್ತು, ಎಷ್ಟೋ ಸಲ ಕ್ಯಾಲಿಪರ್ ಕೆಳಗಿಟ್ಟು ಕೂತುಬಿಟ್ಟಿದ್ದೇನೆ.

ತಾತ ಹೊರಡುವ ಮುಂಚಿನ ದಿನ ಪುಟ್ಟಿ ಮನೆಗೆ ಬಂದು, ಶಾಲೆಯ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿ ಬಂದೆ, ಎಂದಳು. ಅಷ್ಟೇ. ಅಣ್ಣ ಮಾತ್ರ, "ನಂಗೊಂದು ಗಡಿಯಾರ ಕೊಡು ಮಗಳೇ, ನಮ್ಮ ಡಿಪೋದವರು ನನ್ನನ್ನ ಲೇಟ್ ಅಂತಾರೆ" ಎಂದ. ಅವಳು ನಕ್ಕಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಯಾರೋ ನಕ್ಕಿದ್ದು.

ಹೋದ ವಾರ ನನ್ನ ಕೈಗಡಿಯಾರ ನಿಂತುಹೋಯಿತೆಂದು ಅಂಗಡಿಗೆ ಹೋದೆ. ಅತ್ತಿಗೆ ಅಲ್ಲೇ ಸ್ಟೂಲಿನ ಮೇಲಿದ್ದಳು. ಈಗೀಗ ತೋಟಕ್ಕೆ ಹೋಗುವ ಮುಂಚೆ ದಿನಾ ಅಲ್ಲಿಗೆ ಹೋಗುತ್ತಾಳೆ, ಮಗಳು ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಚಹಾದ ಲೋಟ. ಅಂಚಿನವರೆಗೆ ತುಂಬಿತ್ತು, ಕೆಳಗೊಂದು ಅಗಲವಾದ ತಟ್ಟೆ. ಅದು ಪುಟ್ಟಿಯ ಏರ್ಪಾಡು, ಚೆಲ್ಲಿದರೆ ಚೆಲ್ಲಲಿ ಎಂದು.

ಪುಟ್ಟಿ ನನ್ನ ಗಡಿಯಾರ ತೆಗೆದುಕೊಂಡು ಹಿಂಬದಿ ಮುಚ್ಚಳ ಬಿಚ್ಚಿ ಬಟ್ಟೆಯ ಮೇಲಿಟ್ಟಳು. ಆಮೇಲೆ ಚಿಮಟ ಎತ್ತುವ ಮೊದಲು, ಬಲಗೈಯನ್ನು ಕಿಟಕಿಯ ಬೆಳಕಿಗೆ ಚಾಚಿ ಹಿಡಿದಳು. ಬೆರಳು ಅಗಲಿಸಿ, ಉಸಿರು ಬಿಗಿಹಿಡಿದು, ಅದನ್ನೇ ನೋಡಿದಳು. ಅತ್ತಿಗೆ ಆ ಕಡೆ ನೋಡಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಒತ್ತಿಹಿಡಿದು, ತಲೆ ತಗ್ಗಿಸಿ ಕಾಯುತ್ತಿದ್ದಳು.

ಪುಟ್ಟಿ ಕೈ ಇಳಿಸಿ ಚಿಮಟ ಎತ್ತಿಕೊಂಡಳು.

"ಇವತ್ತಿಗೆ ಸರಿಯಿದೆ, ಅಮ್ಮಾ" ಎಂದಳು.

"ಹೂಂ" ಎಂದಳು ಅತ್ತಿಗೆ. ಆಮೇಲೆಯೇ ಅವಳು ಲೋಟಕ್ಕೆ ಕೈ ಹಾಕಿದ್ದು.